ರಾತ್ರಿಯನ್ನು ಹಗಲು ಮಾಡುವ ಬಲ್ಬ್ ಮತ್ತು ನಮ್ಮ ಫ್ಯಾಮಿಲಿ ಗ್ರೂಪ್

ಹಾಸನದ ಭಾವ: (ವಿಡಿಯೊ, ಫಾರ್ವರ್ಡ್ ಆಗಿ ಬಂದದ್ದು) ಇದನ್ನು ನೋಡಿ. ಕಾರಿನ ಹೆಡ್‌ಲೈಟ್‌ಗೆ ಮಾಮೂಲಿ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ರಸ್ತೆ ಹೇಗಾಗಿದೆ! ಜೋಡಿಗೆ 20,000 ಲುಮೆನ್ ಬೆಳಕಂತೆ. ಭಾನುವಾರ ಹಾಕಿಸುತ್ತೇನೆ. ಮೂರು ಜೋಡಿ ತಗೊಂಡರೆ ರೇಟು ಕಮ್ಮಿ ಮಾಡುತ್ತಾರಂತೆ, ಯಾರಿಗಾದರೂ ಬೇಕಾ?

ತೀರ್ಥಹಳ್ಳಿ ಚಿಕ್ಕಪ್ಪ: ಓಹೋ, ಮೊನ್ನೆ ಎದುರಿಗೆ ಬಂದು ನನ್ನ ಕಣ್ಣು ಕುಕ್ಕಿದವನು ನೀನೇನಾ?

ಹಾಸನದ ಭಾವ: ಇನ್ನೂ ಹಾಕಿಸಿಲ್ಲ ಚಿಕ್ಕಪ್ಪ.

ತೀರ್ಥಹಳ್ಳಿ ಚಿಕ್ಕಪ್ಪ: ತಮಾಷೆ ಅಲ್ಲ. ಶನಿವಾರ ರಾತ್ರಿ ಶಿವಮೊಗ್ಗದಿಂದ ಬರುತ್ತಿದ್ದೆ. ಮಂಡಗದ್ದೆ ಹತ್ತಿರ ಎದುರಿಂದ ಒಂದು ಕಾರು, ಸುಣ್ಣದಂಥ ಬಿಳಿ ಬೆಳಕು. ನಾನು ಡಿಪ್ ಮಾಡಿದೆ, ಅವನು ಮಾಡಲಿಲ್ಲ. ಸಿಟ್ಟು ಬಂದು ಎರಡು ಸಲ ಫ್ಲಾಶ್ ಹೊಡೆದೆ. ಆಗ ಅವನು ಹೈಬೀಮ್ ಹಾಕಿ ತೋರಿಸಿದ. ಅಂದರೆ ಅಲ್ಲಿಯವರೆಗೆ ಡಿಪ್ಪಲ್ಲೇ ಬರುತ್ತಿದ್ದ! ಪೊರೆ ಆಪರೇಶನ್ ಆದ ಕಣ್ಣು ನನ್ನದು. ಅವನು ದಾಟಿ ಹೋದ ಮೇಲೂ ಎರಡು ಮೂರು ಸೆಕೆಂಡ್ ಏನೂ ಕಾಣಲಿಲ್ಲ. ಆ ಹೊತ್ತಿಗೆ ಸರಿಯಾಗಿ ಎಡಗಡೆ ಒಬ್ಬ ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ. ಕ್ಯಾನ್ ಮಿಣಕ್ ಅಂದದ್ದಕ್ಕೆ ಬಚಾವ್.

ಟ್ಯಾಕ್ಸಿ ಮಾವ: ಚಿಕ್ಕಪ್ಪ ಹೇಳುವುದು ಸರಿ. ಆದರೆ ನನ್ನ ಕಡೆಯಿಂದಲೂ ನೋಡಿ. ಮಳೆಗಾಲದಲ್ಲಿ ರಾತ್ರಿ ಎಂಟರ ಮೇಲೆ ಗಾಡಿ ಓಡಿಸಿದವನಿಗೆ ಗೊತ್ತು, ಕಂಪನಿಯಿಂದ ಬಂದ 60/55 ವ್ಯಾಟ್ ಬಲ್ಬಿನ (ಹೈಬೀಮಿಗೆ 60, ಡಿಪ್ಪಿಗೆ 55) ಹಳದಿ ಬೆಳಕು ಒದ್ದೆ ಟಾರಿನ ಮೇಲೆ ಬಿದ್ದು ಎಲ್ಲಿ ಹೋಯ್ತು ಅಂತಲೇ ಗೊತ್ತಾಗಲ್ಲ. ಮಂಡ್ಯ ಕಡೆ ಹೋದರೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಎದುರಿನವನ ಕಣ್ಣಿಗೆ ಮರ್ಯಾದೆ ಕೊಟ್ಟು ನಾನು ಟ್ರೈಲರ್‌ಗೆ ಗುದ್ದಬೇಕಾ?

ಹಾಸನದ ಭಾವ: ಅದೇ ನಾನೂ ಹೇಳುವುದು. 80ರಲ್ಲಿ ಹೋಗುವಾಗ ಸೆಕೆಂಡಿಗೆ 22 ಮೀಟರ್ ದಾಟುತ್ತೇವೆ. ಮುಂಚೆ ಕಂಡಷ್ಟೂ ಒಳ್ಳೇದು. ಎಲ್ಲರೂ ಹಾಕಿಸಿದ್ದಾರೆ, ನಾನೊಬ್ಬ ಹಾಕಿಸದೆ ಇದ್ದರೆ ಕುರುಡನ ಥರ ಓಡಿಸಬೇಕಾಗುತ್ತೆ ಅಷ್ಟೇ.

ನಾನು: ಭಾವ, ಬೆಳಕು ಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಬರೀ ಬಲ್ಬ್ ಬದಲಾಯಿಸಿದರೆ ಆ ಬೆಳಕು ರಸ್ತೆ ಮೇಲೆ ಬೀಳುತ್ತದೆ ಅನ್ನುವುದಕ್ಕೆ ತಕರಾರು. ನಿಮ್ಮ ಕಾರಿನದು ಎಚ್4 ಬಲ್ಬ್ (ಡಿಪ್, ಹೈಬೀಮ್ ಎರಡೂ ಒಂದರಲ್ಲೇ ಇರುವ ಮಾದರಿ), ಹಿಂದೆ ಕನ್ನಡಿ ಥರದ ರಿಫ್ಲೆಕ್ಟರ್ ಬಟ್ಟಲು. ಹಳೇ ಬಲ್ಬ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಸುರುಳಿ ಇರುತ್ತವೆ. ಡಿಪ್ ಸುರುಳಿಯ ಕೆಳಗೆ ಉಗುರಿನಷ್ಟು ಒಂದು ಲೋಹದ ದೊನ್ನೆ ಇದೆ, ಅದು ಬೆಳಕು ಕೆಳಗಿನ ಅರ್ಧ ರಿಫ್ಲೆಕ್ಟರಿಗೆ ಹೋಗದಂತೆ ತಡೆಯುತ್ತದೆ. ಅದಕ್ಕೇ ಡಿಪ್‌ನಲ್ಲಿ ಬೆಳಕು ತಲೆ ತಗ್ಗಿಸಿ ರಸ್ತೆಗೆ ಬೀಳುವುದು. ಇಡೀ ಬಟ್ಟಲನ್ನು ಆ ಸುರುಳಿಯ ಜಾಗಕ್ಕೆ ಅಳತೆ ಇಟ್ಟು ಮಾಡಿರುತ್ತಾರೆ. ಎಲ್‌ಇಡಿಯಲ್ಲಿ ಸುರುಳಿಯ ಬದಲು ಒಂದು ಪಟ್ಟಿಯ ಎರಡು ಮಗ್ಗುಲಿಗೆ ಚಿಪ್ ಅಂಟಿಸಿರುತ್ತಾರೆ. ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ಮರದ ತುದಿಗೂ ಹೋಗುತ್ತದೆ, ಚಿಕ್ಕಪ್ಪನ ಕಣ್ಣಿಗೂ ಹೋಗುತ್ತದೆ.

ನಾನು: ಇನ್ನು ಆ 20,000. ಮಾಮೂಲಿ ಎಚ್4 ಬಲ್ಬ್ ಒಂದು ಡಿಪ್‌ನಲ್ಲಿ ಕೊಡುವುದು ಸುಮಾರು 1,000 ಲುಮೆನ್, ಹೈಬೀಮ್‌ನಲ್ಲಿ 1,650. ಡಬ್ಬಿ ಮೇಲೆ ಬರೆದದ್ದು ನಿಜ ಆದರೆ ನೀವು ಮದುವೆ ಚಪ್ಪರಕ್ಕೆ ಬಾಡಿಗೆ ಕೊಡಬಹುದು.

ಹಾಸನದ ಭಾವ: ನಿನ್ನ ಹೊಸ ಕಾರಿಗೆ ಕಂಪನಿಯೇ ಎಲ್‌ಇಡಿ ಕೊಟ್ಟಿದೆಯಲ್ಲ. ನಿನಗೆ ಸರಿ, ನನಗೆ ತಪ್ಪಾ?

ನಾನು: ಅದರಲ್ಲಿ ಲ್ಯಾಂಪ್ ಪೂರ್ತಿ ಎಲ್‌ಇಡಿಗೆ ಅಂತಲೇ ಮಾಡಿದ್ದು, ಬಲ್ಬ್ ಬೇರೆ ಬಟ್ಟಲು ಬೇರೆ ಅಂತಿಲ್ಲ. ಆದರೂ ಹಂಪ್ ಹತ್ತುವಾಗ ನನ್ನದೂ ಎದುರಿನವರಿಗೆ ಚುಚ್ಚುತ್ತದೆ, ಒಪ್ಪಿಕೊಂಡೆ. ಎತ್ತರದ ಎಸ್‌ಯುವಿಗಳದ್ದಂತೂ ಕೇಳಲೇಬೇಡಿ.

ಸ್ಟಟ್‌ಗಾರ್ಟ್ ಅಕ್ಕ: ಇಲ್ಲಿ ಜರ್ಮನಿಯಲ್ಲೂ ಇದೇ ಜಗಳ ಇತ್ತು. ಬಲ್ಬ್ ತೆಗೆದು ಎಲ್‌ಇಡಿ ಹಾಕುವುದು ಪೂರ್ತಿ ನಿಷಿದ್ಧವಾಗಿತ್ತು. 2020ರಲ್ಲಿ ಓಸ್ರಾಮ್ ಕಂಪನಿಯ ಒಂದು ಎಚ್7 (ಇನ್ನೊಂದು ಮಾದರಿ) ಎಲ್‌ಇಡಿ ಬಲ್ಬ್‌ಗೆ ಮೊದಲ ಸಲ ಒಪ್ಪಿಗೆ ಸಿಕ್ಕಿತು. ಅದೂ ಎಲ್ಲ ಕಾರಿಗೂ ಅಲ್ಲ. ಇಂಥ ಮಾಡೆಲ್ಲಿನ ಇಂಥ ಹೆಡ್‌ಲೈಟ್‌ಗೆ ಅಂತ ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಆಗುವ ಗಾಡಿ ತಪಾಸಣೆಯಲ್ಲಿ ಫೇಲ್. ಇನ್ನೊಂದು, ಇಲ್ಲಿ 2,000 ಲುಮೆನ್ ದಾಟಿದ ಡಿಪ್ ಲೈಟಿಗೆ ಗ್ಲಾಸ್ ತೊಳೆಯುವ ಪಿಚಕಾರಿ, ಬೆಳಕು ಬೀಳುವ ಎತ್ತರವನ್ನು ತಾನಾಗಿಯೇ ಸರಿಮಾಡುವ ಮೋಟರ್ ಎರಡೂ ಇರಬೇಕು ಅಂತ ನಿಯಮ. ಕೊಳೆ ಗ್ಲಾಸಿನಲ್ಲಿ ಜೋರು ಬೆಳಕು ಇನ್ನೂ ಚದುರುತ್ತದೆ ಅಂತ.

ಟ್ಯಾಕ್ಸಿ ಮಾವ: ನಮ್ಮಲ್ಲೂ ಹಿಡಿಯುತ್ತಾರೆ. 2024ರ ಜುಲೈನಲ್ಲಿ ರಾಜ್ಯದ ಎಲ್ಲ ಕಡೆ ಕಣ್ಣು ಕುಕ್ಕುವ ಲೈಟಿಗೆ ಕೇಸ್ ಹಾಕಿದರಲ್ಲ, ಆಗ ನನಗೂ 500 ಬಿತ್ತು.

ಹಾಸನದ ಭಾವ: ಮತ್ತೆ ಈಗ ನನ್ನ ಕಡೆ ಮಾತಾಡಿದಿರಿ?!

ಟ್ಯಾಕ್ಸಿ ಮಾವ: ಎರಡೂ ನಿಜ. ಎಲ್‌ಇಡಿ ಹಾಕಿಸಿದ ಮೊದಲ ರಾತ್ರಿ ನನಗೂ ಖುಷಿಯೋ ಖುಷಿ. ಬಾನೆಟ್ ಮುಂದೆ ಹಾಲು ಚೆಲ್ಲಿದ ಹಾಗೆ. ವಾರ ಕಳೆದ ಮೇಲೆ ಗೊತ್ತಾಯ್ತು, ಹತ್ತಿರದ್ದೆಲ್ಲ ಥಳಥಳ, ದೂರದ ತಿರುವು ಮಾತ್ರ ಮೊದಲಿಗಿಂತ ಕತ್ತಲೆ.

ನಾನು: ಹತ್ತಿರ ಜಾಸ್ತಿ ಬೆಳಕಿದ್ದರೆ ನಮ್ಮ ಕಣ್ಣಿನ ಪಾಪೆಯೇ ಸಣ್ಣದಾಗುತ್ತೆ ಮಾವ. ಆಗ ದೂರದ್ದು ಕಾಣಲ್ಲ. ಆ ವಿಡಿಯೊದಲ್ಲಿ ತೋರಿಸುವುದೂ ಬಾನೆಟ್ ಮುಂದಿನ ಹದಿನೈದಡಿಯನ್ನೇ.

ಟ್ಯಾಕ್ಸಿ ಮಾವ: ಅಷ್ಟೇ ಅಲ್ಲ, ಚಾರ್ಮಾಡಿಯಲ್ಲಿ ಮಂಜು ಇಳಿದಾಗ ಅದು ಲೈಟೇ ಅಲ್ಲ, ಎದುರಿಗೆ ಬಿಳಿ ಪಂಚೆ ಕಟ್ಟಿದ ಹಾಗೆ. ನಾನು ಅದನ್ನು ಆರಿಸಿ ಬರೀ ಕೆಳಗಿನ ಫಾಗ್ ಲ್ಯಾಂಪಲ್ಲಿ ಇಳಿದಿದ್ದೇನೆ. ಅದಕ್ಕಿಂತ ಮುಂಚೆ 100/90 ವ್ಯಾಟಿನ ಬಲ್ಬ್ ಹಾಕಿಸಿದ್ದೆ, ಅದರದು ಬೇರೆ ಕಥೆ. ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್) ಬೇಡ ಸಾರ್ ನಡೆಯುತ್ತೆ ಅಂದ ಮೆಕ್ಯಾನಿಕ್. ತಿಂಗಳಿಗೆ ಹೋಲ್ಡರ್ ಕರಗಿ ಬೆಲ್ಲದ ಪಾಕ. ದಪ್ಪ ವೈರ್, ರಿಲೇ, ಪಿಂಗಾಣಿ ಹೋಲ್ಡರ್ ಇಲ್ಲದೆ ಅದನ್ನು ಮುಟ್ಟಲೇಬಾರದು.

ಮೈಸೂರು ಅತ್ತೆ: ಮೊದಲು ಹೆಡ್‌ಲೈಟ್ ಮಧ್ಯೆ ಕಪ್ಪು ಬೊಟ್ಟು ಇಡುತ್ತಿದ್ದರಲ್ಲ? ನಾನು ಗಾಡಿಗೆ ದೃಷ್ಟಿ ಆಗದಿರಲಿ ಅಂತ ಇಡುತ್ತಾರೆ ಅಂದುಕೊಂಡಿದ್ದೆ.

ತೀರ್ಥಹಳ್ಳಿ ಚಿಕ್ಕಪ್ಪ: ಎದುರಿನವನ ದೃಷ್ಟಿ ಹೋಗದಿರಲಿ ಅಂತ ಕಣೇ.

ನಾನು: ಭಾವ, ದುಡ್ಡು ಕೊಡುವ ಮುಂಚೆ ನಿಮ್ಮ ಹೆಡ್‌ಲೈಟ್‌ನ ಒಂದು ಫೋಟೊ ಹಾಕಿ.

ಹಾಸನದ ಭಾವ: (ಫೋಟೊ)

ನಾನು: ಅಂದುಕೊಂಡೆ. ಇದು ಲೈಟಾ, ಹಳೇ ಉಪ್ಪಿನಕಾಯಿ ಭರಣಿಯಾ? ಬಿಸಿಲಿಗೆ ಪ್ಲಾಸ್ಟಿಕ್ ಹಳದಿಗಟ್ಟಿದೆ. ಇದರ ಹಿಂದೆ ಸೂರ್ಯನನ್ನೇ ಕೂರಿಸಿದರೂ ಅಷ್ಟೇ. ಮೊದಲು ನೀರಿನ ಸ್ಯಾಂಡ್ ಪೇಪರ್, ಪಾಲಿಶ್, ಮೇಲೆ ಬಿಸಿಲು ತಡೆಯುವ ಕೋಟಿಂಗ್ ಹಾಕಿಸಿ. ಬಲ್ಬ್ ಹಳೇದಾಗಿದ್ದರೆ ಅದೇ 60/55ರಲ್ಲಿ ಒಳ್ಳೆ ಕಂಪನಿಯ ಹೊಸ ಜೋಡಿ ತನ್ನಿ. ಮತ್ತೆ ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಒಂದು ಚಕ್ರ ಇದೆಯಲ್ಲ, ಅದನ್ನು ಯಾವತ್ತಾದರೂ ತಿರುಗಿಸಿದ್ದೀರಾ?

ಹಾಸನದ ಭಾವ: ಅದು ಡ್ಯಾಶ್‌ಬೋರ್ಡ್ ಲೈಟಿಂದು ಅಲ್ವಾ?

ಟ್ಯಾಕ್ಸಿ ಮಾವ: ಶಿವಾ.

ನಾನು: ಹಿಂದಿನ ಸೀಟಲ್ಲಿ ಮೂರು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಇದ್ದರೆ ಕಾರಿನ ಮೂತಿ ಮೇಲೇಳುತ್ತೆ, ಬೆಳಕೂ ಮೇಲೇಳುತ್ತೆ. ನಂಬರ್ ಜಾಸ್ತಿ ಮಾಡಿದರೆ ಬೆಳಕು ತಗ್ಗುತ್ತೆ. ಸಂಜೆ ಕಾರನ್ನು ಸಮತಟ್ಟು ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಡಿಪ್ ಹಾಕಿ. ಬೆಳಕಿನ ಮೇಲಿನ ಅಂಚು ಲ್ಯಾಂಪಿನ ನಡುಮಧ್ಯಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲೇರಬೇಕು. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ರಿಲೇ ಸೆಟ್ ಹಾಕಿಸೋಣ, ಬ್ಯಾಟರಿಯಿಂದ ನೇರ ಪೂರ್ತಿ ವೋಲ್ಟೇಜ್ ಸಿಗುತ್ತೆ.

ಹಾಸನದ ಭಾವ: ಅಂದರೆ ನಾನು ಅಡ್ವಾನ್ಸ್ ಕೊಟ್ಟ 500?

ಟ್ಯಾಕ್ಸಿ ಮಾವ: ನನ್ನ ದಂಡದ ಪಕ್ಕ ಬರೆದಿಡಿ.

(ರಾತ್ರಿ 7.40)

ಹಾಸನದ ಭಾವ: (ಫೋಟೊ) ನಿಮ್ಮ ಮನೆ ಕಾಂಪೌಂಡಿಗೇ ಬಂದಿದ್ದೇನೆ ಅತ್ತೆ, ಉದ್ದ ಜಾಗ ಇಲ್ಲೇ ಇರುವುದು. ಇದ್ದಲಲ್ಲಿ ಗೆರೆ ಎಳೆದಿದ್ದೇನೆ. ಬಲಗಡೆಯದು ಒಂದು ಗೇಣು ಮೇಲಿದೆ ಮಾರಾಯ! ಇಷ್ಟು ದಿನ ಎಷ್ಟು ಜನ ನನಗೆ ಬೈದರೋ.

ಮೈಸೂರು ಅತ್ತೆ: ಇದ್ದಲಾ? ಆ ಗೋಡೆಗೆ ಬಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲ. ಒರೆಸಿಯೇ ಊಟಕ್ಕೆ ಒಳಗೆ ಬಾ.