ಅಪ್‌ಡೇಟ್: ತಲಿಯೊಳಗಿನ ‘ಶಾಕ್’ ಈಗ ಹೆಂಗದ

ಮೂರು ತಿಂಗಳ ಹಿಂದ ಕೇಳಿದ್ದೆ: ಎಸ್ಸಿಟಾಲೊಪ್ರಾಮ್ (ಖಿನ್ನತಿ, ಆತಂಕಕ್ಕ ಕೊಡೋ ಔಷಧ) 10 ಮಿ.ಗ್ರಾಂ ಗುಳಿಗಿ ಒಮ್ಮೆಲೇ ಬಿಟ್ಟೀನಿ, ತಲಿಯೊಳಗ ಕರೆಂಟ್ ಹೊಡದಂಗ ಆಗ್ತದ, ಏನ್ ಮಾಡ್ಲಿ ಅಂತ. "ಮೊದ್ಲು ಡಾಕ್ಟರ್ ಕಡೆ ಹೋಗ್ರಿ" ಅಂದವ್ರಿಗೆಲ್ಲ ಶರಣು. ಮಾನ್ವಿಯಿಂದ ರಾಯಚೂರಿಗೆ ಹೋಗಿ ತೋರಿಸಿದೆ. ಬಿಟ್ಟ ಮೂರೇ ದಿನಕ್ಕ ಶುರುವಾಗ್ಯದ, ಅದೂ ಶಾಕ್ ಹೊಡದಂಗ. ಇದು ಹಳೇ ಬ್ಯಾನಿ ಅಲ್ಲ, ಗುಳಿಗಿ ಬಿಟ್ಟ ತ್ರಾಸು ಅಂದ್ರು. ಮತ್ತ 10ಕ್ಕ ಹಚ್ಚಿದ್ರು. ಶಾಕ್ ಮೂರ್ನಾಕು ದಿನದಾಗ ನಿಂತ್ವು. ನಾಕು ವಾರ ಬಿಟ್ಟು 7.5, ಈಗ 5. ಇನ್ನು ಮುಂದ ಹೆಜ್ಜಿ ಇನ್ನೂ ಸಣ್ಣವು.

ನಡುವ ದಿನ ಬಿಟ್ಟು ದಿನ ನುಂಗಿದ ನನ್ನ ಶಾಣ್ಯಾತನಕ್ಕ ಚಲೋತಂಗ ಬೈಸಿಕೊಂಡೆ. ಹಂಗ ಮಾಡಿದ್ರ ರಕ್ತದಾಗ ಔಷಧ ಏರಿಳಿದು ತ್ರಾಸು ಹೆಚ್ಚಾಗ್ತದಂತ.

ತ್ರಾಸಿನ್ಯಾಗ ಈಗ ಉಳಿದದ್ದು ಚಿತ್ರವಿಚಿತ್ರ ಕನಸಷ್ಟೇ. ನಿನ್ನಿ ಕನಸಿನ್ಯಾಗ ಎಡದಂಡೆ ಕಾಲುವಿಯೊಳಗ ಎಮ್ಮಿ ಜೋಡಿ ಈಜಾಡಿದೆ.