ಕ್ಲಚ್ಚು ಪಾತಾಳಕ್ಕಿಳಿದ ಮಧ್ಯಾಹ್ನ

ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದವನು ಜನರಲ್ ತಿಮ್ಮಯ್ಯ ವೃತ್ತದ ಬಳಿ ಮುಂದಿನ ಬಸ್ಸು ನಿಂತಿತೆಂದು ನಾನೂ ನಿಂತೆ. ಫಸ್ಟ್ ಗೇರಿನಲ್ಲೇ, ಎಂಜಿನ್ನಿನಿಂದ ಚಕ್ರಗಳನ್ನು ಬಿಡಿಸುವ ಕ್ಲಚ್ಚನ್ನು ಒತ್ತಿ ಹಿಡಿದು ಕಾಯುತ್ತಿದ್ದಾಗ, ಕಾಲನ್ನು ಒಂದಿಷ್ಟೂ ಸಡಿಲಿಸದಿದ್ದರೂ ಕಾರು ತಾನಾಗಿಯೇ ಮುಂದಕ್ಕೆ ತೆವಳತೊಡಗಿದ್ದು ಕಂಡು ಮೊದಲು ಬೆರಗಾಯಿತು, ಬಸ್ಸಿನ ಹಿಂಬದಿಯ ಅಕ್ಷರಗಳು ದೊಡ್ಡದಾಗುತ್ತ ಬಂದಂತೆ ಎದೆ ಹೊಡೆದುಕೊಳ್ಳತೊಡಗಿತು. ಬಗ್ಗಿ ನೋಡಿದರೆ ಪೆಡಲು ನೆಲಕ್ಕೆ ಅಂಟಿ ಕುಳಿತಿತ್ತು. ಬ್ರೇಕ್ ಒತ್ತಿ ಎಂಜಿನ್ ಆರಿಸಿದೆ. ಬಸ್ಸು ಹೊರಟ ಮೇಲೆ ಗೇರಿನಲ್ಲೇ ಕೀಲಿ ತಿರುಗಿಸಿ, ಕಪ್ಪೆಯಂತೆ ಕುಪ್ಪಳಿಸುತ್ತ ಹೊರಟ ಕಾರನ್ನು ಎಲ್ಲಿಯೂ ನಿಲ್ಲಿಸದೆ ನೇರವಾಗಿ ತೋಟದ ಮಾವನ ಅಂಗಳಕ್ಕೆ ತಂದು ಬಿಟ್ಟೆ.

ಮಾವನ ಜಗುಲಿಯಲ್ಲಿ ಎಂದಿನಂತೆ ವಿಜ್ಞಾನದ ಮೇಷ್ಟ್ರೂ ಬ್ಯಾಂಕಿನ ನಿವೃತ್ತ ಮ್ಯಾನೇಜರರೂ ಕಾಫಿ ಕುಡಿಯುತ್ತ ಕುಳಿತಿದ್ದರು. ಕಕ್ಕಡ ತಿಂಗಳ ಮಳೆಯಲ್ಲಿ ಬೇರೆ ಕೆಲಸವಿಲ್ಲದವರಿಗೆ ಕೆಟ್ಟ ಕಾರೊಂದು ಅಂಗಳಕ್ಕೆ ಬಂದದ್ದು ಹಬ್ಬವೇ ಸರಿ. ಮೂವರೂ ಕೊಡೆ ಹಿಡಿದು ಇಳಿದು ಬಂದರು.

“ಕ್ಲಚ್ಚಿನ ಎಣ್ಣೆ ಸೋರಿರಬೇಕು” ಎಂದು ಮಾವ ಕಾರಿನ ಅಡಿ ಇಣುಕಿದರು. ಇಡೀ ಕೊಡಗೇ ಸೋರುತ್ತಿರುವ ಹೊತ್ತಿನಲ್ಲಿ ಕಾರಿನ ಕೆಳಗಿನ ಯಾವ ಹನಿ ಮುಗಿಲಿನದು, ಯಾವ ಹನಿ ಸಿಲಿಂಡರಿನದು ಎಂದು ಹೇಳುವವರು ಯಾರು? ಆದುದರಿಂದ ಕಾರನ್ನು ಕಾಫಿ ಮೂಟೆಗಳ ಶೆಡ್ಡಿಗೆ ತಳ್ಳಿ, ಅಡಿಗೆ ಒಣ ರಟ್ಟು ಹಾಸಿ, ಎರಡು ಸುತ್ತು ಕಾಫಿ ಮುಗಿಯುವವರೆಗೆ ಕಾಯುವುದೆಂದು ತೀರ್ಮಾನವಾಯಿತು.

“ನನ್ನ ಹಳೆಯ ಜೀಪಿನಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಕಬ್ಬಿಣವೇ ಇತ್ತು, ತುಂಡಾದರೆ ಕಣ್ಣಿಗೆ ಕಾಣುತ್ತಿತ್ತು, ಬೆಸುಗೆ ಹಾಕಿಸುತ್ತಿದ್ದೆವು. ಈ ಎಣ್ಣೆಯ ಸಹವಾಸ ಯಾರಿಗೆ ಬೇಕಿತ್ತು?” ಎಂದರು ಮಾವ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಪೆಡಲಿನ ಹಿಂದಿರುವ ಮಾಸ್ಟರ್ ಸಿಲಿಂಡರು ದ್ರವವನ್ನು ದೂಡುತ್ತದೆ, ಅದು ಗೇರ್‌ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತದೆ, ಆ ಕಡ್ಡಿ ಚಲಿಸುವುದು ಅಂಗುಲಕ್ಕಿಂತಲೂ ಕಡಿಮೆ ದೂರವಾದುದರಿಂದ ಕೊಳವೆಯಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಸೇರಿಕೊಂಡರೂ ನಾವು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ ಎಂದು, ಹದಿನೇಳನೆಯ ಶತಮಾನದ ಪಾಸ್ಕಲ್‌ನಿಂದ ಆರಂಭಿಸಿ, ಅವರು ವಿವರಿಸಿದರು. “ಗಾಳಿಯಿದ್ದರೆ ಪೆಡಲು ಸ್ಪಂಜಿನಂತಿರುತ್ತದೆ, ನಾಲ್ಕು ಬಾರಿ ಪಂಪು ಮಾಡಿದರೆ ಗಟ್ಟಿಯಾಗುತ್ತದೆ. ನಿಮ್ಮದು ಹೇಗಿದೆ?”

ಪಂಪು ಮಾಡಿ ನೋಡಿದೆ. ಬೇಗನೆ ಒತ್ತಿದರೆ ಪೆಡಲು ಗಟ್ಟಿಯಾಗಿಯೇ ಇತ್ತು, ಕ್ಲಚ್ಚೂ ಬಿಡುತ್ತಿತ್ತು. ನಿಧಾನವಾಗಿ ಒತ್ತಿದರೆ, ಇಲ್ಲವೇ ಒತ್ತಿ ಹಿಡಿದುಕೊಂಡರೆ, ಕೆಸರುಗದ್ದೆಯಲ್ಲಿ ಇಟ್ಟ ಕಾಲಿನಂತೆ ಮೆತ್ತಗೆ ಇಳಿಯುತ್ತಿತ್ತು.

ರಟ್ಟು ಒಣಗಿಯೇ ಇತ್ತು. ಟಾರ್ಚು ಹಿಡಿದು ನೋಡಿದರೆ ಸ್ಲೇವ್ ಸಿಲಿಂಡರಿನ ರಬ್ಬರು ಟೋಪಿಯೂ ಒಣಗಿತ್ತು. ಮಾಸ್ಟರ್ ಸಿಲಿಂಡರು ಸೋರಿದರೆ ಎಣ್ಣೆ ಕೆಲವೊಮ್ಮೆ ಒಳಗೆ ಪೆಡಲಿನ ತೋಳಿನ ಮೇಲೆಯೇ ಇಳಿದು ಬರುವುದುಂಟಾದ್ದರಿಂದ ಮೇಷ್ಟ್ರು ಅಲ್ಲಿಗೂ ಬೆರಳಾಡಿಸಿದರು. ಬೆರಳಿಗೆ ಹತ್ತಿದ್ದು ನನ್ನ ಚಪ್ಪಲಿಯ ಕೆಸರು ಮಾತ್ರ. ಬಾನೆಟ್ಟಿನಡಿಯ ಡಬ್ಬಿಯಲ್ಲಿ ಎಣ್ಣೆ ಮಟ್ಟದ ಗೆರೆಯವರೆಗೆ ಇತ್ತು. ಆದರೆ ಜೇನಿನ ಬಣ್ಣದಲ್ಲಿರಬೇಕಾದ ಆ ದ್ರವವು ಮದ್ದುಸೊಪ್ಪಿನ ರಸದಷ್ಟು ಕಪ್ಪಾಗಿತ್ತು.

“ಅಷ್ಟೇನಾ? ಶೆಡ್ಡಿನಲ್ಲಿ ಎಂಜಿನ್ ಆಯಿಲ್ ಇದೆ, ಸ್ವಲ್ಪ ಸುರಿದರಾಯಿತು” ಎಂದು ಮಾವ ಎದ್ದರು. ಮೇಷ್ಟ್ರು ಅವರ ಕೈಯನ್ನೇ ಹಿಡಿದುಕೊಂಡರು. ಎಂಜಿನ್ ಆಯಿಲ್ ಬಿದ್ದರೆ ಒಳಗಿನ ರಬ್ಬರು ಸೀಲುಗಳು ನೆನೆಹಾಕಿದ ಕಡಲೆಯಂತೆ ಉಬ್ಬಿಬಿಡುತ್ತವೆ, ಅದೂ ಅಲ್ಲದೆ ಈ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವುದರಿಂದ ನಾಳೆ ಸಂಪಾಜೆ ಇಳಿಯುವಾಗ ಬ್ರೇಕೂ ಕೈಕೊಡುತ್ತದೆ ಎಂದು ಗದರಿದರು. ಆಗ ಮಾವ ಕಪಾಟಿನ ಹಿಂದಿನಿಂದ ಎರಡು ವರ್ಷದ ಹಿಂದೆ ತೆರೆದಿಟ್ಟಿದ್ದ ಬ್ರೇಕ್ ಎಣ್ಣೆಯ ಬಾಟಲಿಯೊಂದನ್ನು ತೆಗೆದರು. ಅದಕ್ಕೂ ಮೇಷ್ಟ್ರು ಒಪ್ಪಲಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮುಚ್ಚಿದ ಡಬ್ಬಿಯ ಉಪ್ಪೂ ನೀರಾಗುವ ಈ ಊರಿನಲ್ಲಿ ತೆರೆದ ಬಾಟಲಿಯ ಗತಿಯೇನು? “ಬಣ್ಣದ ಮೇಲೆ ಚೆಲ್ಲದಂತೆ ದೂರವಿಡಿ, ಬಣ್ಣವನ್ನೇ ಕಿತ್ತುಹಾಕುತ್ತದೆ” ಎಂದೂ ಸೇರಿಸಿದರು.

ಅಲ್ಲಿಯವರೆಗೆ ಮಾತನಾಡದೆ ಕುಳಿತಿದ್ದ ಮ್ಯಾನೇಜರರು ಲೋಟವನ್ನು ಕೆಳಗಿಟ್ಟರು. “ಎಣ್ಣೆ ಹೊರಗೆ ಹೋಗಿಲ್ಲ, ಡಬ್ಬಿಯ ಲೆಕ್ಕ ಸರಿಯಾಗಿದೆ, ಆದರೂ ಬೇಕಾದಾಗ ಒತ್ತಡ ಕೈಗೆ ಸಿಗುವುದಿಲ್ಲ. ಇಂಥದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಹೊರಗಿನ ಕಳ್ಳನಲ್ಲ, ಒಳಗೇ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗುತ್ತಿದೆ.”

ಮೇಷ್ಟ್ರ ಮುಖ ಸಪ್ಪಗಾಯಿತು, ಏಕೆಂದರೆ ಮಾತು ಸರಿಯಾಗಿತ್ತು. ಮಾಸ್ಟರ್ ಸಿಲಿಂಡರಿನೊಳಗಿನ ಸೀಲು ಸವೆದರೆ, ಒತ್ತಿದ ಎಣ್ಣೆ ಕೊಳವೆಗೆ ಹೋಗುವ ಬದಲು ಸೀಲಿನ ಅಂಚಿನಿಂದ ಹಿಂದಕ್ಕೆ ನುಸುಳಿ ಡಬ್ಬಿಯ ಕಡೆಗೇ ಮರಳುತ್ತದೆ. ಬೇಗನೆ ಒತ್ತಿದಾಗ ನುಸುಳಲು ಪುರುಸೊತ್ತಿಲ್ಲದೆ ಕೆಲಸ ನಡೆಯುತ್ತದೆ, ಹಿಡಿದುಕೊಂಡಾಗ ಬಯಲಾಗುತ್ತದೆ.

ಸಂಜೆ ಬಂದ ಮೆಕ್ಯಾನಿಕ್ ಇವರ ಸಿದ್ಧಾಂತಗಳನ್ನೆಲ್ಲ ಕೇಳಿಸಿಕೊಂಡು ಏನೂ ಹೇಳದೆ, ಸ್ಲೇವ್ ಸಿಲಿಂಡರಿಗೆ ಹೋಗುವ ರಬ್ಬರು ಹೋಸನ್ನು ಮೊಂಡು ಬಾಯಿಯ ಕ್ಲ್ಯಾಂಪಿನಿಂದ ಅದುಮಿ, ಪೆಡಲು ಒತ್ತಿ ಹಿಡಿಯಲು ನನಗೆ ಹೇಳಿದ. ಈಗ ಪೆಡಲು ಗಟ್ಟಿಯಾಗಿ ನಿಂತಿದ್ದರೆ ದೋಷ ಕೆಳಗಿನ ಸ್ಲೇವ್ ಸಿಲಿಂಡರಿನದು. ನಿಲ್ಲಲಿಲ್ಲ, ಮೊದಲಿನಂತೆಯೇ ಇಳಿಯಿತು. “ಮಾಸ್ಟರೇ ಹೋಗಿದೆ, ಸಾರ್” ಎಂದ. ಆ ಕ್ಷಣದಿಂದ ಮ್ಯಾನೇಜರರನ್ನು ಸಹಿಸುವುದು ಕಷ್ಟವಾಗಿದೆ.

ಸೀಲನ್ನಷ್ಟೇ ಬದಲಿಸಿದರೆ ಅಗ್ಗವಲ್ಲವೇ ಎಂದು ಕೇಳಿದೆ. ಅವನು ಸಿಲಿಂಡರನ್ನು ಬಿಚ್ಚಿ ಒಳಗೆ ಬೆರಳು ಹಾಕಿಸಿದ. ತೇವದ ಎಣ್ಣೆಯಿಂದ ಗೋಡೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಚಿಕ್ಕ ಗುಳಿಗಳು ಬಿದ್ದಿದ್ದವು. ಹೊಸ ಸೀಲನ್ನೂ ಅವು ತಿಂಗಳೊಪ್ಪತ್ತಿನಲ್ಲಿ ಹರಿದುಹಾಕುತ್ತವೆಂಬುದು ಕೈಗೇ ತಿಳಿಯಿತು. ಇಡೀ ಸಿಲಿಂಡರೇ ಹೊಸದು ಬಂದಿತು.

ಅದನ್ನು ಕೂರಿಸುವಾಗ ಕೊಳವೆಗೆ ಸೇರಿದ ಗಾಳಿ ತೆಗೆಯುವಾಗ ಮೇಷ್ಟ್ರು ಪೆಡಲಿನಲ್ಲಿ, ಮೆಕ್ಯಾನಿಕ್ ಕಾರಿನಡಿಯಲ್ಲಿ ಗಾಳಿ ಹೊರಬಿಡುವ ನಿಪ್ಪಲಿನ ಬಳಿ. ಅವನು “ಒತ್ತಿ ಹಿಡಿಯಿರಿ” ಎಂದು ನಿಪ್ಪಲು ತೆರೆದು, ಮುಚ್ಚಿದ ಮೇಲೆ “ಬಿಡಿ” ಎನ್ನಬೇಕು. ತಗಡಿನ ಮೇಲಿನ ಮಳೆಯ ಸದ್ದಿನಲ್ಲಿ “ಹಿಡಿಯಿರಿ” ಎಂದದ್ದು “ಬಿಡಿ” ಎಂದು ಕೇಳಿ, ಮೇಷ್ಟ್ರು ನಿಪ್ಪಲು ತೆರೆದಿರುವಾಗಲೇ ಕಾಲೆತ್ತಿ, ಹೋದ ಗಾಳಿಯನ್ನೆಲ್ಲ ಮರಳಿ ಒಳಗೆ ಎಳೆದುಕೊಂಡರು. ಹೀಗೆ ಮೂರು ಬಾರಿ ಆಯಿತು. ಕೊನೆಗೆ ಮ್ಯಾನೇಜರರು ನಡುವೆ ನಿಂತು ಕೊಡೆಯನ್ನು ಏರಿಸಿ ಇಳಿಸಿ ಸಂಜ್ಞೆ ಕೊಟ್ಟ ಮೇಲೆ ಗುಳ್ಳೆಗಳು ನಿಂತು ಶುದ್ಧ ಎಣ್ಣೆ ಬಂತು. ಪೆಡಲು ಒತ್ತಿ ಹಿಡಿದು, ಹತ್ತು ಎಣಿಸಿ, ರಿವರ್ಸ್ ಗೇರು ಹಾಕಿದೆ. ಕರಕರ ಎನ್ನದೆ ಬಿತ್ತು.

ಮಾವ ಆ ಹಳೆಯ ಬಾಟಲಿಯನ್ನು ಎಸೆಯಲಿಲ್ಲ, ಗೇಟಿನ ಕೀಲಿಗೆ ಹಾಕಿದರು. ಗೇಟು ಈಗ ಸದ್ದಿಲ್ಲದೆ ತೆರೆಯುತ್ತದೆ. ಕೀಲಿನ ಸುತ್ತಲಿನ ಹಸಿರು ಬಣ್ಣವು ಅಂಗೈಯಗಲ ಸುಲಿದು ಬಂದಿರುವುದಕ್ಕೆ ಕಕ್ಕಡದ ಮಳೆಯೇ ಕಾರಣವೆಂದು ಅವರು ಇಂದಿಗೂ ವಾದಿಸುತ್ತಿದ್ದಾರೆ.