ಅಪ್‌ಡೇಟ್: ಥೈರಾಯ್ಡ್‌ಗೆ ಕೋಲಾರದ ಫ್ಯಾಮಿಲಿ ಡಾಕ್ಟರಾ, ಬೆಂಗಳೂರಿನ ಸ್ಪೆಷಲಿಸ್ಟಾ?

ಅಮ್ಮನ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ರಕ್ತಪರೀಕ್ಷೆ) ಜಾಸ್ತಿ ಬಂದಿದೆ, ಕೋಲಾರದಲ್ಲೇ ತೋರಿಸೋದಾ, ಬೆಂಗಳೂರಿನ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗೋದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಫ್ಯಾಮಿಲಿ ಡಾಕ್ಟರ್ ಹತ್ತಿರವೇ ಶುರು ಮಾಡಿದ್ದೇವೆ.

ಸಾಮಾನ್ಯ ಹೈಪೋಥೈರಾಯ್ಡ್‌ಗೆ, ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿರುವುದಕ್ಕೆ, ಅವರೇ ಸಾಕು. ಕೆಲಸವೆಲ್ಲ ಇರುವುದು ಥೈರಾಯ್ಡ್ ಮಾತ್ರೆಯ ಡೋಸ್ ಹೊಂದಿಸುವುದರಲ್ಲಿ. ಡೋಸ್ ಬದಲಿಸಿದ 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ಮಾಡಿಸಬೇಕು. ಅದಕ್ಕೂ ಮೊದಲು ಮಾಡಿಸಿದರೆ ಮಟ್ಟ ಒಂದು ಹದಕ್ಕೆ ಬಂದಿರುವುದಿಲ್ಲ, ಆ ಅಂಕಿ ನಂಬಿ ಡೋಸ್ ಏರಿಸುವುದು ತಪ್ಪು. ಹೆಚ್ಚಾಗಿ ಎಡವಟ್ಟಾಗುವುದು ಮಾತ್ರೆ ನುಂಗುವ ಹೊತ್ತಿನಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ತಿಂಡಿಯೂ ಬೇಡ, ಕಾಫಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಕೊಡಿ; ಒಟ್ಟಿಗೆ ತಗೊಂಡರೆ ಥೈರಾಯ್ಡ್ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೂದಲಿಗೆಂದು ಬಯೋಟಿನ್ (ಒಂದು ವಿಟಮಿನ್) ನುಂಗುವವರು ರಕ್ತ ಕೊಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು, ಅದು ರಿಪೋರ್ಟನ್ನೇ ಕೆಡಿಸುತ್ತದೆ.

ಗರ್ಭಿಣಿಯರು, ಮಕ್ಕಳು, ಹೃದಯದ ಕಾಯಿಲೆ ಇರುವವರು, ಕತ್ತಿನಲ್ಲಿ ಗಂಟು ಕಂಡವರು ಮಾತ್ರ ತಡಮಾಡದೆ ಸ್ಪೆಷಲಿಸ್ಟ್ ಹತ್ತಿರ ಹೋಗಿ. ಮಾತ್ರೆ ಸರಿಯಾಗಿ ನುಂಗಿಯೂ ಟಿಎಸ್‌ಎಚ್ ಇಳಿಯದಿದ್ದರೂ ಅಷ್ಟೇ. ಹೋಗುವಾಗ ಹಳೆಯ ರಿಪೋರ್ಟು, ಯಾವ ಡೋಸ್ ಯಾವಾಗ ಬದಲಾಯಿತು ಎಂಬ ಚೀಟಿ, ಫ್ಯಾಮಿಲಿ ಡಾಕ್ಟರ ಪತ್ರ ಜೊತೆಗಿರಲಿ.